ಆಯಸ್ಕಾಂತಕ್ಕೆ ಅಂಟಿದ ಹುಲಿ ರೂಪಾಯಿ

ಕಿವಿ ಇತ್ತ ಕೊಡಿ, ಮೆಲ್ಲಗೆ ಹೇಳ್ತೀನಿ. ಬೇರೆಯವರ ಮನೆ ಸುದ್ದಿಯಾಗಿದ್ದರೆ ಬೋರ್‌ವೆಲ್ ಹತ್ರ ನಿಂತು ಕೂಗೇ ಹೇಳ್ತಿದ್ದೆ. ಇದು ನನ್ನ ಮಾನದ ವಿಷಯ. ಯಾರ ಹತ್ರಾನೂ ಬಾಯಿ ಬಿಡಕೂಡದು. ಹಳೇ ನಾಣ್ಯ ಕೈಗೆ ಬಂದಾಗಲೆಲ್ಲ ನನ್ನ ಮಾನ ಹೋಗುತ್ತೆ.

೧. ಹಳದಿ ಆಣೆ

ಅತ್ತೆಯ ಪೆಟ್ಟಿಗೆಯ ತಳದಲ್ಲಿ ಬ್ರಿಟಿಷರ ಕಾಲದ ಒಂದು ಆಣೆ ಸಿಕ್ಕಿತು. ಹಳದಿ ಬಣ್ಣ. ಹುಣಸೆಹಣ್ಣು ಹಾಕಿ ತಿಕ್ಕಿದೆ, ಫಳಫಳ ಅಂತು. ಚಿನ್ನವೇ ಅಂದುಕೊಂಡು ರವಿಕೆಯೊಳಗಿಟ್ಟು ಪಿರಿಯಾಪಟ್ಟಣದ ಬಸ್ ಹತ್ತಿದೆ. "ಮೈಮೇಲೆ ಚಿನ್ನ ಐತೆ, ಡ್ರೈವರ್ ಹಿಂದ್ಲ ಸೀಟು ಕೊಡಪ್ಪ" ಅಂತ ಕಂಡಕ್ಟರನ್ನ ಗೋಗರೆದೆ.

ಅಕ್ಕಸಾಲಿ ಒರೆಗಲ್ಲಿಗೆ ಉಜ್ಜಿ ನಕ್ಕ. "ಯುದ್ಧದ ಕಾಲ್ದಾಗೆ ಇಂಥ ಹಿತ್ತಾಳೆ ಆಣೆ ಬುಟ್ಟಿದ್ರು ಕಣಜ್ಜಿ."

ವಾಪಸ್ ಬರುವಾಗಲೂ ಅದೇ ಬಸ್ಸು, ಅದೇ ಕಂಡಕ್ಟರ್. "ಎಷ್ಟು ತೊಲ ತೂಗ್ತಜ್ಜಿ?"

೨. ಸೆರಗಿನ ಗಂಟು

ಅವತ್ತೇ ಅಕ್ಕಸಾಲಿ ಒಂದು ವಿದ್ಯೆ ಹೇಳಿಕೊಟ್ಟಿದ್ದ. ಬೆಳ್ಳಿ ರೂಪಾಯಿ ಆಯಸ್ಕಾಂತಕ್ಕೆ ಅಂಟಲ್ಲ. ಬಿಳಿಯೋರು ಹೋಗುವ ವರ್ಷ ಬಿಟ್ಟ, ಹುಲಿ ಚಿತ್ರದ ನಿಕ್ಕಲ್ ರೂಪಾಯಿ ಅಂಟುತ್ತೆ. ನಮ್ಮನೆಗೆ ಟಿವಿ ಬಂದು ರೇಡಿಯೋ ಮೂಲೆ ಸೇರಿತ್ತು. ಅದರ ಆಯಸ್ಕಾಂತ ಕೀಳಿಸಿ ಸೆರಗಿನ ತುದಿಗೆ ಕಟ್ಟಿಕೊಂಡು ಬೀದಿಗೆಲ್ಲ ನಾನೇ ಪರೀಕ್ಷೆ ಮಾಡೋಳಾದೆ.

ಒಂದಿನ ಪಕ್ಕದ ಮನೆಯವಳ ಬೀರುವಿನ ಬೀಗದ ಕೈ ಕಾಣೆಯಾಯ್ತು. ನಾನೂ ಮಂಚದಡಿ ಬಗ್ಗಿ ಹುಡುಕಿದೆ. "ನಿನ್ ನಾದಿನಿ ಕೈ ಒಸಿ ಉದ್ದ, ಉಸಾರು" ಅಂತ ಪಿಸುಗುಟ್ಟಿದೆ.

"ಅದಿರ್ಲಿ ಅಕ್ಕ, ನಿನ್ ಸೆರಗಿನ ಗಂಟಿಗೆ ಅಂಟ್ಕಂಡು ಅದೇನು ನೇತಾಡ್ತಾ ಐತೆ?"

೩. ತಟ್ಟೆಯ ರೂಪಾಯಿ

ಅದೇ ಮನೆಗೆ ಹೊಸ ಸೊಸೆ ಬಂದಳು. ದೀಪದ ಮುಂದಿನ ತಟ್ಟೆಯಲ್ಲಿ ರಾಜನ ತಲೆಯ ರೂಪಾಯಿ. ಯಾರೂ ನೋಡದಾಗ ಸೆರಗು ತಾಕಿಸಿದೆ. ಟಪ್ ಅಂತ ಅಂಟಿತು. ತಿರುಗಿಸಿದರೆ ಹುಲಿ!

ಬೆಳಗಾಗುತ್ತಲೇ ಬೋರ್‌ವೆಲ್ ಹತ್ರ, "ಹೆಣ್ಣಿನ ಕಡೆಯೋರು ನಿಕ್ಕಲ್ ಕೊಟ್ಟು ಬೆಳ್ಳಿ ಅಂದವ್ರೆ ಕಣ್ರೇ" ಅಂದುಬಿಟ್ಟೆ. ಬಿಸಿಲೇರುವುದರೊಳಗೆ ಆ ಹುಡುಗಿ ಅಳುತ್ತಾ, ಬ್ಯಾಗು ಹಿಡಿದು ತವರಿಗೆ ಹೊರಟು ನಿಂತಿದ್ದಳು.

ಅತ್ತೆಯಾದವಳು ಸೊಸೆಯ ಕೈ ಹಿಡಿದು ಸೀದಾ ನನ್ನ ಜಗಲಿಗೆ ಬಂದಳು. ಇನ್ನೊಂದು ಕೈಲಿ ಆ ರೂಪಾಯಿ. ಬೀದಿಯೆಲ್ಲ ಬಾಗಿಲಲ್ಲಿ ನಿಂತಿತ್ತು. ನನ್ನ ಮುಖಕ್ಕೇ ಅಂದಳು:

"ಇದು ಇವಳ ತವರಿಂದ ಬಂದದ್ದಲ್ಲ ಕಣಕ್ಕ. ನನ್ ಮದ್ವೇಲಿ ಬೆಳ್ಳಿ ರೂಪಾಯಿ ಅಂತ ಕೂಗಿಸಿ ನೀನೇ ಮುಯ್ಯಿ ಮಾಡಿದ್ದು. ನಿಕ್ಕಲ್ಲು ಅಂತ ನಂಗೆ ಆವತ್ತೇ ಗೊತ್ತಿತ್ತು. ಮೂವತ್ತು ವರ್ಸ ನಿನ್ ಮಾನ ನನ್ ಪೆಟ್ಟಿಗೇಲಿ ಭದ್ರವಾಗಿತ್ತು. ಇವತ್ತು ನೀನೇ ಆಯಸ್ಕಾಂತ ಇಟ್ಟು ಈಚೆಗೆ ಎಳ್ಕಂಡೆ!"