ಮೊಸರಿನ ಡಬ್ಬಿಯೊಳಗೆ ಮೊಸರೇ ಇರಬೇಕಂತೆ

ನಮ್ಮ ಮನೆಯ ಫ್ರಿಜ್ಜಿನ ವಿಷಯ ನಾನೇ ಮೊದಲು ಒಪ್ಪಿಕೊಂಡುಬಿಡುತ್ತೇನೆ. ಅದರಲ್ಲಿ ಏಳೆಂಟು ಮೊಸರಿನ ಡಬ್ಬಿಗಳಿವೆ, ಮೊಸರಿರುವುದು ಒಂದರಲ್ಲಿ ಮಾತ್ರ. ಉಳಿದವುಗಳಲ್ಲಿ ಸಾರು, ದೋಸೆಹಿಟ್ಟು, ಮೊಳಕೆ ಬಂದ ಹೆಸರುಕಾಳು. ಐಸ್‌ಕ್ರೀಮ್ ಡಬ್ಬಿಯಲ್ಲಿ ತುರಿದ ಕೊಬ್ಬರಿ. ಗಟ್ಟಿಮುಟ್ಟಾದ ಖಾಲಿ ಡಬ್ಬಿಯನ್ನು ಎಸೆಯಲು ನಮ್ಮ ಪೈಕಿಯವರಿಗೆ ಕೈಯೇ ಬರುವುದಿಲ್ಲ, ಅಮೆರಿಕದ ಯೂನಿಯನ್ ಸಿಟಿಯಲ್ಲಿ ಮನೆ ಮಾಡಿದರೂ ಅಷ್ಟೆ. ಯಾವ ಡಬ್ಬಿಯಲ್ಲಿ ಏನಿದೆ ಎಂದು ನನಗೂ ಹೆಂಡತಿ ಸುಮಂಗಲಾಗೂ ಚೆನ್ನಾಗಿ ಗೊತ್ತು. ಅಂದರೆ, ಮುಚ್ಚಳ ತೆಗೆದ ಮೇಲೆ ಗೊತ್ತಾಗುತ್ತದೆ. ಇಷ್ಟು ವರ್ಷ ಯಾರೂ ಇದನ್ನು ತಪ್ಪು ಅಂದಿರಲಿಲ್ಲ. ಅನ್ನುವವಳನ್ನು ನಾವೇ ಹೆತ್ತು, ಪಶುವೈದ್ಯಕೀಯ ಓದಿಸಿ, ಇಲ್ಲಿನ ಸೈನ್ಯಕ್ಕೆ ಕಳಿಸಿದೆವು.

ಮಗಳು ಪಲ್ಲವಿ ಸೈನ್ಯ ಸೇರಿದಾಗ ಕುದುರೆ, ನಾಯಿಗಳಿಗೆ ಔಷಧ ಕೊಡುತ್ತಾಳೆ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವಳ ಮುಖ್ಯ ಕೆಲಸ ಸೈನಿಕರ ರೇಷನ್ ತಪಾಸಣೆ. ಮಾಂಸ, ಮೊಟ್ಟೆ, ಹಾಲು, ಡಬ್ಬದ ಊಟ ಎಲ್ಲ ಅವಳ ಕಣ್ಣು ದಾಟಿಯೇ ಅಡುಗೆಮನೆ ಸೇರಬೇಕು. ಹುಬ್ಬಳ್ಳಿಯ ನಮ್ಮಕ್ಕ ಫೋನಿನಲ್ಲಿ ಕೇಳಿದಳು: “ಅಲ್ಲೋ, ಮಂದಿ ಊಟದಾಗ ದನದ ಡಾಕ್ಟರಂದು ಏನ ಕೆಲಸ?” ರೋಗದ ದನ ಯಾವುದು ಅಂತ ಗೊತ್ತಿದ್ದವರಿಗೇ ರೋಗದ ಮಾಂಸವೂ ಗೊತ್ತಾಗುವುದು ಎಂದು ವಿವರಿಸಿದೆ. “ಶಿವಶಿವಾ” ಅಂದು ಫೋನ್ ಇಟ್ಟಳು. ಮೊಟ್ಟೆಯನ್ನು ಹೊಸ್ತಿಲೊಳಗೆ ಬಿಡದ ಮನೆಯಲ್ಲಿ ಬೆಳೆದ ಹುಡುಗಿ ಈಗ ಅದೇ ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಸರಿಯಿಲ್ಲದಿದ್ದರೆ ಇಡೀ ಟ್ರಕ್ಕನ್ನೇ ವಾಪಸ್ ಕಳಿಸುತ್ತಾಳೆ.

ಹೋದ ತಿಂಗಳು ಅವಳು ರಜೆಯ ಮೇಲೆ ಬಂದಳು. ರಜೆ ಮುಗಿದರೆ ಯುದ್ಧ ನಡೆಯುತ್ತಿರುವ ಕಡೆಗೆ ಪೋಸ್ಟಿಂಗು. ಎಲ್ಲಿ ಎಂದು ಹೇಳುವಂತಿಲ್ಲವಂತೆ. ನನಗೆ ಹೆದರಿಕೆಯಾಯಿತು, ಇದರಲ್ಲಿ ಮುಚ್ಚಿಡುವುದೇನಿದೆ? ಯುದ್ಧ ನಿಲ್ಲಿಸುವುದು ನನ್ನ ಕೈಲಿಲ್ಲ, ಅವಳ ಜೊತೆ ಹೋಗುವುದೂ ಆಗದು. ನನ್ನ ಕೈಲಿರುವುದು ಒಂದೇ, ಶೇಂಗಾ ಚಟ್ನಿಪುಡಿ. ಅದೊಂದನ್ನು ನಮ್ಮ ಮನೆಯಲ್ಲಿ ನಾನೇ ಮಾಡುವುದು, ಸುಮಂಗಲಾ ಕೈ ಹಾಕುವುದಿಲ್ಲ. ಚಿಕ್ಕಂದಿನಲ್ಲಿ ಪಲ್ಲವಿ ಪಿಜ್ಜಾಕ್ಕೂ ಅದನ್ನು ಉದುರಿಸಿಕೊಂಡು ತಿನ್ನುತ್ತಿದ್ದಳು. ಏನೇ ಆಗಲಿ, ಚಟ್ನಿಪುಡಿ ಅವಳ ಜೊತೆ ಹೋಗಲೇಬೇಕು ಎಂದು ಹಟ ತೊಟ್ಟೆ.

ಡಬ್ಬಿ ತಂದು ಅವಳ ಮುಂದಿಟ್ಟೆ. “ಅಪ್ಪಾ, ಇದರ ಮೇಲೆ ಮೊಸರು ಅಂತಿದೆ.”

“ಒಳಗೆ ಚಟ್ನಿಪುಡಿ ಇದೆ ಮಗಾ.”

“ಯಾವಾಗ ಮಾಡಿದ್ದು?”

“ಮೊನ್ನೆ ಮೊನ್ನೆ. ದೀಪಾವಳಿ ಆದಮೇಲೆ.”

“ವಿಚ್ ದೀಪಾವಳಿ?”

ಅಲ್ಲಿಗೆ ಸಿಕ್ಕಿಬಿದ್ದೆ. ಅವಳು ಬ್ಯಾಗಿನಿಂದ ಥರ್ಮಾಮೀಟರ್ ತೆಗೆದು ಫ್ರಿಜ್ಜಿಗೇ ನುಗ್ಗಿದಳು. ಅರ್ಧ ಗಂಟೆಯಲ್ಲಿ ಸಾರು ಸಿಂಕಿಗೆ, ಹೆಸರುಕಾಳು ಕಸಕ್ಕೆ, ಚಟ್ನಿಪುಡಿಯೂ ಅದರ ಹಿಂದೆ. ನನಗೆ ಸಿಟ್ಟು ನೆತ್ತಿಗೇರಿತು. “ರುಚಿನೂ ನೋಡದೆ ಬಿಸಾಕ್ತೀಯಲ್ಲ! ಮೆನ್ಲೋ ಪಾರ್ಕಿನಲ್ಲಿ ಇಷ್ಟು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಾ ಇದ್ದೀನಿ. ತಪ್ಪು ಹುಡುಕೋದು ನನಗೇ ಹೇಳಿಕೊಡಬೇಡ!”

“ನಿಮ್ಮ ಸಾಫ್ಟ್‌ವೇರ್ ಕೆಟ್ಟರೆ ರೀಸ್ಟಾರ್ಟ್ ಮಾಡ್ತಾರೆ ಅಪ್ಪಾ. ಅಲ್ಲಿ ಒಂದು ಟ್ರೇ ಊಟ ಕೆಟ್ಟರೆ ಇಡೀ ಕ್ಯಾಂಪ್ ಮಲಗುತ್ತೆ.”

ಸುಮಂಗಲಾ ಬಾಗಿಲಲ್ಲಿ ನಿಂತು ನಗುತ್ತಿದ್ದಳು. “ಸುಮ್ನಿರ್ರಿ. ಆ ಮೊಂಡತನ ನಿಮ್ಮಿಂದನ ಬಂದದ್ದು.”

ಸುಮ್ಮನಿರಲು ನಾನೇನು ದಡ್ಡನೇ? ಹೊರಡುವ ಹಿಂದಿನ ದಿನ ಹೊಸದಾಗಿ ಪುಡಿ ಮಾಡಿ, ನನ್ನ ಪ್ರೋಟೀನ್ ಪೌಡರಿನ ಖಾಲಿ ಡಬ್ಬಿಗೆ ತುಂಬಿ, ಅವಳ ಕಾಲುಚೀಲಗಳ ಮಧ್ಯೆ ತುರುಕಿಬಿಟ್ಟೆ. ಏರ್‌ಪೋರ್ಟಿನಲ್ಲಿ ಅಮ್ಮ ಮಗಳು ಅಳುತ್ತಿದ್ದರೆ ನಾನು ಒಳಗೊಳಗೇ ಗೆದ್ದೆ ಅಂದುಕೊಳ್ಳುತ್ತಿದ್ದೆ. ಆಮೇಲೆ ಕಾರಿನಲ್ಲಿ ಅವರಿಬ್ಬರಿಗಿಂತ ಜಾಸ್ತಿ ಅತ್ತವನು ನಾನೇ, ಆ ಮಾತು ಬೇರೆ.

ಹತ್ತು ದಿನ ಬಿಟ್ಟು ವಿಡಿಯೋ ಕಾಲ್ ಬಂತು. “ಅಪ್ಪಾ, ಡಬ್ಬಿ ಸಿಕ್ಕಿತು.”

“ತಿಂದ್ಯಾ?”

“ಇಲ್ಲ. ಎಸೆದೆ.”

ಅವಳು ಆಚೆ ಈಚೆ ನೋಡಿ ಹೇಳಿದಳು: “ಮುಚ್ಚಳ ತೆಗೆದೆ. ನಮ್ಮ ಕಿಚನ್ ವಾಸನೆ ಬಂತು. ತುಂಬಾ ಅಳು ಬಂತು ಅಪ್ಪಾ. ಆದರೆ ಅವತ್ತು ಬೆಳಿಗ್ಗೆ ತಾನೇ ಒಬ್ಬ ಸೋಲ್ಜರ್‌ಗೆ ಅವನ ತಾಯಿ ಕಳಿಸಿದ್ದ ಕೇಕನ್ನ, ಅವನು ಎಲ್ಲರಿಗೂ ಹಂಚೋಕೆ ಇಟ್ಟಿದ್ದನ್ನ, ಬೇಡ ಅಂತ ಎಸೆಯಿಸಿದ್ದೆ. ನನ್ನಪ್ಪಂದು ಮಾತ್ರ ಹೇಗೆ ಇಟ್ಟುಕೊಳ್ಳಲಿ?”

ಹೊಟ್ಟೆ ಉರಿಯಿತು. ಅದರ ಹಿಂದೆಯೇ ಎದೆಯೂ ಉಬ್ಬಿತು. ಆಫೀಸಿನಲ್ಲಿ ಮ್ಯಾನೇಜರ್ ಮುಖ ನೋಡಿ “ಇರಲಿ, ನಡೆಯುತ್ತೆ” ಎಂದು ನಾನು ಪಾಸು ಮಾಡಿದ್ದೆಲ್ಲ ಒಂದೊಂದಾಗಿ ನೆನಪಾಯಿತು. “ಹೊಸ ಬಾಟಲಿ, ಸೀಲು, ಡೇಟು, ಏನೇನು ಹಾಕಿದ್ದೀರಿ ಅಂತ ಲೇಬಲ್ಲು. ಸರಿಯಾಗಿ ಕಳಿಸಿ. ನಾನು ನೋಡಲ್ಲ, ಬೇರೆಯವರ ಕೈಲಿ ಚೆಕ್ ಮಾಡಿಸ್ತೀನಿ” ಅಂದಳು.

ಸರಿ ಮಗಳೇ, ನೋಡೇಬಿಡೋಣ ಎಂದು ಇವತ್ತು ಬೆಳಿಗ್ಗೆ ಟೊಂಕ ಕಟ್ಟಿ ನಿಂತೆ. ಜೀವಮಾನದಲ್ಲಿ ಮೊದಲ ಸಲ ಖಾಲಿ ಬಾಟಲಿಗಳನ್ನು ದುಡ್ಡು ಕೊಟ್ಟು ತಂದಿದ್ದೆ. ಕೈಗೆ ಗ್ಲೌಸು, ತಲೆಗೆ ಸುಮಂಗಲಾಳ ಶವರ್ ಕ್ಯಾಪು. ಶೇಂಗಾ ಹುರಿದೆ, ಸಿಪ್ಪೆ ಉಜ್ಜಿದೆ, ಕುಟ್ಟಿದೆ, ತುಂಬಿದೆ, ಸೀಲು ಹಾಕಿದೆ. ಲೇಬಲ್ಲು ಪ್ರಿಂಟು ಮಾಡಿದೆ: ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಉಪ್ಪು. ಇವತ್ತಿನ ತಾರೀಖು. ತಯಾರಿಸಿದವರು: ಅಪ್ಪ. ತಪಾಸಣೆ ಮಾಡಿದವರು: ಅಪ್ಪ. ಎರಡು ಕಡೆಯೂ ಸಹಿ ಜಡಿದೆ.

ಸುಮಂಗಲಾ ಬಂದು ಮಿಕ್ಸಿಂಗ್ ಬೌಲಿನ ತಳ ಬೆರಳಿನಿಂದ ಬಳಿದು ಬಾಯಿಗಿಟ್ಟುಕೊಂಡಳು. ಆಮೇಲೆ ಕನ್ನಡಕ ಹಾಕಿಕೊಂಡು ಲೇಬಲ್ಲು ಓದಿದಳು. “ರೀ, ಇದರಾಗ ಉಪ್ಪು ಅಂತ ಬರದೀರಿ.”

“ಹೌದು.”

“ಪುಡಿಯಾಗ ಇಲ್ಲ.”

ಈಗ ಎರಡನೇ ಸಲ ಶೇಂಗಾ ಹುರಿಯುತ್ತಿದ್ದೇನೆ. ಈ ಸಲ ರುಚಿ ನೋಡಿಯೇ ಸಹಿ. ಮೊದಲನೆಯದನ್ನು ನಾನೇ ನಾಪಾಸು ಮಾಡಿದೆ, ಆದರೆ ಎಸೆಯಲು ಕೈ ಬರಲಿಲ್ಲ. ಉಪ್ಪು ಬೆರೆಸಿ, ಒಂದು ಖಾಲಿ ಮೊಸರಿನ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟಿದ್ದೇನೆ.