ಮಾಸ್ತರರ ಕತಿಗಿ ಬೀಸೂ ಹಾಡಿನ ಹೆಸರು

ನಮ್ಮ ಗಲ್ಲಿಯೊಳಗ ಒಂದು ಸುದ್ದಿ ಆರೂದರಾಗ ಇನ್ನೊಂದು ಕುದಿಲಾಕ ಹತ್ತಿರ್ತದ. ನಾ ಏನೂ ಮಾಡಂಗಿಲ್ಲ. ಕಟ್ಟಿ ಮ್ಯಾಲ ಕೂತು ಜ್ವಾಳ ಹಸನ ಮಾಡ್ತಿರ್ತೇನಿ, ಅಷ್ಟ. ಸುದ್ದಿ ತಾನ ನಡಕೊಂಡು ಬಂದು ನನ್ನ ಮೊರದಾಗ ಬೀಳ್ತದ. ಬೀದರಿಗಿ ಸೊಸಿಯಾಗಿ ಬಂದಾಗಿಂದ ಹಿಂಗ ನಡದದ. ಆದರ ಬಾಜೂ ಮನಿಗಿ ಕತಿ ಬರಿಯೂ ಮಾಸ್ತರರು ಬಂದ ಮ್ಯಾಲ ಆದಂಥವು ಮಾತ್ರ ನಮ್ಮತ್ತಿ ಕಾಲದಾಗೂ ಆಗಿರಲಿಕ್ಕಿಲ್ಲ.

ಎಲ್ಲಾ ಕತಿಗೂ ಒಂದ ಹೆಸರು

ಮಾಸ್ತರರು ಔರಾದ ಕಡಿ ಎಕಂಬಾದವರು. ಸಾಲಿ ನೌಕರಿ ಮುಗಿಸಿ ಬೀದರದಾಗ ಮನಿ ಮಾಡಿದರು. ಮುಂಜಾನೆ ಎದ್ದು ಕತಿ ಬರೀತಾರ, ಸಂಜಿಗಿ ಅದನ್ನ ಓದಿ ತಾವ ತಲಿದೂಗ್ತಾರ. ಮನಶ್ಯಾ ಬಂಗಾರ. ಐಬು ಒಂದ, ಕತಿಗಿ ಹೆಸರಿಡಲಾಕ ಬರಂಗಿಲ್ಲ. ಮೊದಲನೇ ಕತಿಗಿ ‘ಬದುಕು’ ಅಂತ ಇಟ್ಟರು. ಎರಡನೇದಕ್ಕ ‘ಬಾಳು’. ಮೂರನೇದಕ್ಕ ‘ಹೀಗೊಂದು ಬದುಕು’. ಒಂದು ಪತ್ರಿಕಾದವರು ಕತಿ ಹೊಳ್ಳಿ ಕಳಿಸಿ, “ಕತಿ ಛಲೋ ಅದ, ಹೆಸರು ಸಪ್ಪಗದ” ಅಂತ ಹೇಳಿದರಂತ.

ಮಾರಿ ಸಣ್ಣದು ಮಾಡಿಕೊಂಡು ನನ್ನ ಕಟ್ಟಿಗಿ ಬಂದು ಕೂತರು.

“ಅಕ್ಕಾ, ಪತ್ರಿಕಾದವರು ಹಾಕಲಿ ಬಿಡಲಿ, ನನಗ ಅದರ ಚಿಂತಿ ಇಲ್ಲ. ನಮ್ಮಾಕಿ ಒಂದು ಕತಿ ಓದಬೇಕ್ರಿ. ಮದಿವಿ ಆದಾಗಿಂದ ಬರಿಲಾಕತ್ತೇನಿ, ಇವತ್ತಿನ ತನಕ ಒಂದು ಸಾಲು ಓದಿಲ್ಲ. ಓದಿ ಬೈದರೂ ನಡೀತದ.”

ಅವರ ಹೆಂಡತಿ ಓದಲಾರದಾಕಿ ಅಲ್ಲ. ಪೇಪರ್ ಬಂದರ ಬಂಗಾರದ ಧಾರಣಿ ಓದ್ತಾಳ, ತೀರಿಕೊಂಡವರ ಫೋಟೋ ಒಂದೊಂದ ನೋಡಿ ಲೊಚಗುಡ್ತಾಳ. ಗಂಡನ ಕತಿ ಮಾತ್ರ ಮುಟ್ಟಂಗಿಲ್ಲ. ನಾನ ಕೇಳಿದೆ, “ಯಾಕವಾ ತಂಗಿ, ಪಾಪ ಅವರಿಗಿ ಆಸಿ ಅದ. ಒಂದು ಓದಬಾರದೇನು?”

ಆಕಿ ಒಳಗಿಂದ ಸೌಟು ಹಿಡಕೊಂಡ ಬಂದಳು. “ಹೆಸರು ನೋಡ್ರಿ ಅಕ್ಕಾ, ಬದುಕು, ಬಾಳು, ಹೀಗೊಂದು ಬದುಕು. ಇವರ ಕೂಡ ದಿನಾ ಅದನ್ನ ಮಾಡ್ಲಾಕತ್ತೇನಿ. ಮ್ಯಾಲ ಓದಬೇಕಂತ ಬ್ಯಾರೆ!”

ಹಿತ್ತಲ ಬಾಗಿಲು

ಆವತ್ತ ನಾ ಮಾಸ್ತರರಿಗಿ ಅಂದೆ, “ನೀವು ಹೆಸರು ಪುಸ್ತಕದಾಗ ಹುಡುಕ್ತೀರಿ. ಹೆಸರು ಬೀಸೂ ಹಾಡಿನಾಗ ಅದಾವ.”

ನಾ ಸಾಲಿ ಕಲ್ತಾಕಿ ಅಲ್ಲ. ಅಕ್ಷರ ಒಂದಕ್ಕೊಂದು ಕೂಡಿಸೂದರಾಗ ಮೊದಲಿಂದು ಮರ್ತು ಹೋಗ್ತದ. ಹಾಡು ಮಾತ್ರ ಒಂದೂ ಮರ್ತಿಲ್ಲ. ನಾವು ಸೊಸ್ತ್ಯಾರು ಇದ್ದಾಗ ಈ ಗಲ್ಲಿಯೊಳಗ ಕೋಳಿ ಕೂಗೂ ಮೊದಲ ಬೀಸೂಕಲ್ಲಿನ ದನಿ. ಈ ಮನಿ ಹಾಡಿಗಿ ಆ ಮನಿಯಾಕಿ ನುಡಿ ಕೂಡಿಸ್ತಿದ್ದಳು. ಮಾರಿ ಕಾಣಂಗಿಲ್ಲ, ನಡುವ ಗ್ವಾಡಿ. ಗಿರಣಿ ಬಂತು, ಕಲ್ಲು ಹೋಗಿ ಬಚ್ಚಲದಾಗ ಅರಬಿ ಒಗಿಯೂ ಕಲ್ಲಾದವು. ಈಗ ಹಿಟ್ಟು ಸಣ್ಣ ಬರ್ತದ, ಆದರ ಯಾರ ಮನಿಯಾಗ ಏನ್ ನಡದದ ಅನ್ನೂದು ತಿಳಿಯಂಗಿಲ್ಲ.

ಮಾಸ್ತರರಿಗಿ ನಾ ಕೊಟ್ಟ ಮೊದಲ ಸಾಲು, ‘ಹಿತ್ತಲ ಬಾಗಿಲಿಗಿ ಅಗಳಿ ಹಾಕಲಿಲ್ಲ’. ಅವರು ಹಿಗ್ಗಿ ಹೀರಿಕಾಯಿ ಆದರು. ತಮ್ಮ ಬೆಕ್ಕಿನ ಕತಿಗಿ ಅದನ್ನ ಇಟ್ಟರು. ಬೆಕ್ಕು ಹಿತ್ತಲದಿಂದ ಬಂದು ಹಾಲು ಕುಡದು ಹೋಗ್ತದ, ಅದ ಕತಿ. ಪತ್ರಿಕಾದಾಗ ಬಂದೇ ಬಂತು.

ಇಲ್ಲಿ ಒಂದು ಮಾತು ತಿಳಕೊಬೇಕು. ಬೀಸೂ ಹಾಡಿನಾಗ ಸಾಲಿಗೊಬ್ಬ ಒಡತಿ ಇರ್ತಿದ್ದಳು. ಯಾರ ಸಂಕಟಾನೋ ಅವರ ಸಾಲು. ಆಕಿ ಕಟ್ಟಿದ್ದನ್ನ ಇನ್ನೊಬ್ಬಾಕಿ ಆಕಿ ಮುಂದ ಹಾಡಿದರ ಕೆಣಕಿದಂಗ. ಇದು ಗಲ್ಲಿಗೆಲ್ಲಾ ಗೊತ್ತು, ಮಾಸ್ತರರಿಗಿ ಗೊತ್ತಿಲ್ಲ. ಹಿತ್ತಲ ಬಾಗಿಲಿನ ಸಾಲು ಮೂಲಿ ಮನಿ ಮುದುಕಿದು. ಆಕಿ ಗಂಡ ಮಧ್ಯಾಹ್ನ ಉಂಡು, ಎಲಿ ಅಡಿಕಿ ಹಾಕ್ಕೊಂಡು, ಹಿತ್ತಲದಿಂದ ಹಿಂದಿನ ಗಲ್ಲಿಗಿ ಹೋಗ್ತಿದ್ದ. ಯಾರ ಮನಿಗಿ ಅಂತ ನಾ ಹೇಳಂಗಿಲ್ಲ. ಹಸಿರು ಬಾಗಿಲಿನ ಮನಿ, ಅಷ್ಟ ಹೇಳ್ತೇನಿ.

ಮೂಲಿ ಮನಿ ಸೊಸಿ ಪತ್ರಿಕಾ ಸುರುಳಿ ಸುತ್ತಿ ಹಿಡಕೊಂಡು ಮಾಸ್ತರರ ಬಾಗಿಲಿಗಿ ಬಂದಳು. “ಏನ್ರಿ ಮಾಸ್ತರ, ನಮ್ಮ ಮಾವನ ಸುದ್ದಿ ಊರಿಗೆಲ್ಲಾ ಹಂಚ್ಲಾಕತ್ತೀರಿ?”

“ಅಯ್ಯ ತಾಯಿ, ಇದು ಬೆಕ್ಕಿನ ಕತಿರಿ! ಓದಿ ನೋಡ್ರಿ!”

“ಓದೂದೇನದ? ಹೆಸರು ನೋಡಿದರ ಸಾಕಲ್ಲ. ಬೆಕ್ಕ ಅಂದರ ಯಾರಂತ ನಮಗೂ ತಿಳೀತದ. ಹಾಲಂದರೂ ತಿಳೀತದ.”

ಮರುದಿನ ಬಡಗಿ ಬಂದು ಮೂಲಿ ಮನಿ ಹಿತ್ತಲ ಬಾಗಿಲಿಗಿ ಹೊಸಾ ಅಗಳಿ ಹಚ್ಚಿ ಹೋದ. ಮಾವ ಸತ್ತು ಆಗಲೇ ಎಷ್ಟೋ ವರ್ಷ ಆಗಿತ್ತು. ಇನ್ನ ಈ ಅಗಳಿ ಯಾರ ಸಲುವಾಗಿ ಅಂತ ನಾ ಕೇಳಿಲ್ಲ. ಆ ಸೊಸಿ ಗಂಡ ಮಾತ್ರ ಒಂದು ವಾರ ನನ್ನ ಕೂಡ ಮಾತಾಡಲಿಲ್ಲ.

ಮೆಹಕರದ ಬ್ಯಾಳಿ

ಮಾಸ್ತರರು ಹೆದರಿದರು. “ಅಕ್ಕಾ, ಒಡತಿ ಇಲ್ಲದ ಸಾಲು ಇದ್ದರ ಕೊಡ್ರಿ.”

“ಒಡತಿ ಇಲ್ಲದ ಸಾಲು ಎಲ್ಲಿ ಸಿಗ್ತದ? ಪರ ಊರಿಂದು ತರಬೇಕು. ಬೀದರದಾಗ ಯಾರಿಗೂ ಗೊತ್ತಾಗಂಗಿಲ್ಲ.”

ಹಂಗಂತ ಇಬ್ಬರೂ ಭಾಲ್ಕಿ ಬಸ್ ಹತ್ತಿ, ಅಲ್ಲಿಂದ ನನ್ನ ತವರು ಮೆಹಕರಕ್ಕ ಹೋದಿವಿ. ನಮ್ಮ ವೈನಿ, ಅಂದರ ಅಣ್ಣನ ಹೆಂಡತಿ, ಇನ್ನೂ ಗಟ್ಟಿ ಅದಾಳ. ಮಾಸ್ತರರು ಕೈ ಮುಗಿದು ಕುರ್ಚಿ ಮ್ಯಾಲ ಕೂತು ಪೆನ್ನು ತಗದರು. “ಒಂದು ಹಾಡು ಹೇಳ್ರಿ ತಾಯಿ.”

ವೈನಿ ಮಾರಿ ನೋಡಿದಳು. “ಸುಮ್ಮ ಕೂತು ಹಾಡಲಾಕ ನಾ ಏನು ರೇಡಿಯೋ ಏನು? ಕೈ ತಿರಗದ ಹೊರತು ಬಾಯಿ ಬರಂಗಿಲ್ಲ.”

ಸುಳ್ಳಲ್ಲ. ಬೀಸೂ ಹಾಡು ಕಲ್ಲಿನ ಕೂಡ ಏಳ್ತದ, ಕಲ್ಲು ನಿಂತರ ನುಡಿ ನಿಲ್ತದ. ದನದ ಕೊಟ್ಟಿಗ್ಯಾಗಿನ ಕಲ್ಲು ಹೊರಗ ತಂದು, ತೊಳದು, ಕೂಡಿಸಿದರು. ಒಂದು ಬಾಜೂ ವೈನಿ, ಒಂದು ಬಾಜೂ ಮಾಸ್ತರ. ಗೂಟ ಇಬ್ಬರೂ ಹಿಡದರು. ಒಳಗಿಂದ ತೊಗರಿ ಚೀಲ ಬಂತು.

ವೈನಿ ದನಿ ತಗದಳು. ದೇವರಾಣಿ, ಒಂದು ಗಳಿಗಿ ನನಗ ಎದುರಿಗಿ ಕೂತಾಕಿ ವೈನಿ ಅನಸಲಿಲ್ಲ, ನಮ್ಮವ್ವ ಅನಸಿದಳು. ಅವ್ವನ ಕೂಡ ಬೀಸಿ ಬೀಸಿ ಕಲ್ತಾಕಿ, ಅದ ಮೂಗಿನ ದನಿ, ಅದ ನುಡಿ ಕಡಿಗಿ ಉಸಿರು ಬಿಡೂದು. ಕಲ್ಲಿನ ಬಾಜೂ ನಮ್ಮವ್ವನ ತೊಡಿ ಮ್ಯಾಲ ತಲಿ ಇಟ್ಟು ಮಲಗ್ತಿದ್ದೆ, ಹಿಟ್ಟು ಹಾರಿ ಕಣ್ಣಿನ ರೆಪ್ಪಿ ಬೆಳ್ಳಗ ಆಗ್ತಿತ್ತು. ಸೆರಗಿನಿಂದ ಒರಸ್ತಿದ್ದಳು, ಹಾಡು ಮಾತ್ರ ಬಿಡ್ತಿರಲಿಲ್ಲ.

ಮಾಸ್ತರರು ನಡುನಡುವ, “ಈ ಸಾಲು ಛಲೋ ಅದ, ಬರಕೋತೇನಿ” ಅಂತ ಕೈ ಬಿಡೂದು, ವೈನಿ, “ಕಲ್ಲು ನಿಂದರಿಸಬ್ಯಾಡ್ರಿ, ಮುಂದಿಂದು ಬರಂಗಿಲ್ಲ” ಅಂತ ಜಬರಸೂದು. ಹೊತ್ತು ಇಳಿಯೂದರಾಗ ಚೀಲ ಖಾಲಿ. ಮಾಸ್ತರರ ಅಂಗೈಗಿ ಬೊಬ್ಬಿ. ಸಿಕ್ಕದ್ದು ಒಂದ ಸಾಲು, ‘ತವರ ದಾರಿ ಕಾಲಿಗಿ ಗೊತ್ತು’.

ವೈನಿ ಬಸ್ಸಿನ ತನಕ ಕಳಿಸಲಾಕ ಬಂದಳು. ನನ್ನ ಕಿವ್ಯಾಗ ಹೇಳಿದಳು, “ಮನಶ್ಯಾ ಛಲೋ ಅದಾನ. ಕಡ್ಲಿ ಬ್ಯಾರೆ ಒಡಿಯೂದದ. ಇನ್ನೊಂದು ಕತಿ ಬರದಾಗ ಕರಕೊಂಡು ಬಾ.”

ಮನಿಗಿ ಬಂದ ಮ್ಯಾಲ ಹೆಂಡತಿ ಅಂಗೈಗಿ ಎಣ್ಣಿ ಹಚ್ಚಿದಳು. ಮಾಸ್ತರರು ಆಸಿಯಿಂದ, “ಇದ ಕತಿ ನೋಡು, ಹೆಸರು ಹ್ಯಾಂಗದ? ಓದ್ತಿಯೇನು?” ಅಂದರಂತ. ಆಕಿ, “ನಮ್ಮ ಮನ್ಯಾಗೂ ತೊಗರಿ ಅದಾವ” ಅಂದಳಂತ.

ಖಾಲಾನ ಸಿಟ್ಟು

ಹಿಂಗ ಒಂದೊಂದ ಕತಿ ಒಂದೊಂದ ಸಾಲು ಹಿಡಕೊಂಡು ಬರಲಾಕ ಹತ್ತಿದವು. ಮೊದಮೊದಲು ಜಗಳ ಆದವು. ಆಮ್ಯಾಲ ಏನಾಯ್ತೋ, ಗಲ್ಲಿಯೊಳಗ ಯಾರ ಸಾಲು ಪತ್ರಿಕಾದಾಗ ಬಂತೋ ಅವರು ನೀರಿಗಿ ಬಂದಾಗ ಕೊಡ ಜರಾ ಎತ್ತರ ಹಿಡೀಲಾಕ ಹತ್ತಿದರು.

ಎದುರು ಮನಿ ಖಾಲಾಗ, ಗಲ್ಲಿಗೆಲ್ಲಾ ಚಿಗವ್ವ ಇದ್ದಂಗ ಆಕಿ, ಸಿಟ್ಟು ಬಂತು. ಆಕಿ ಗಂಡ ಬಿದರಿ ಕೆಲಸದವ, ಹೂಜಿ ಹುಕ್ಕಾಕ್ಕ ಬೆಳ್ಳಿ ಕೂಡಸ್ತಾನ. ಆಕಿ ಹೊಲಗಿ ಮಿಶಿನ್ ಬಿಟ್ಟು ಎದ್ದು ಬಂದಳು. “ಕ್ಯಾ ಮಾಸ್ಟರ್‌ಸಾಬ್, ಎಲ್ಲರ ಮನಿದು ಬರದೀರಿ, ನಮ್ಮ ಮನ್ಯಾಗ ಲಡಾಯಿ ಆಗೇ ಇಲ್ಲೇನು? ನಮ್ಮ ಅಮ್ಮೀಜಾನ್ ಚಕ್ಕಿ ಬೀಸ್ತಾ ಹಾಡ್ತಿರಲಿಲ್ಲೇನು?”

ಮಾಸ್ತರರು ಕೈ ಜೋಡಿಸಿ, “ನೀವ ಹೇಳ್ರಿ ಖಾಲಾ” ಅಂದರು.

ಖಾಲಾ ಗಂಟಲು ಸರಿ ಮಾಡಿಕೊಂಡು ಹಾಡಿದಳು: “ಸಾಸ ಸೋ ಗಯಿ, ರೋಟಿ ಮೀಠಿ ಲಗಿ.” ಅತ್ತಿ ಮಲಗಿದಳು, ರೊಟ್ಟಿ ಸಿಹಿಯಾಯ್ತು ಅಂತ. ನಾವೆಲ್ಲಾ ನಕ್ಕಿವಿ. ಖಾಲಾ ತಾ ಸೊಸಿ ಇದ್ದ ಕಾಲದ ಸುದ್ದಿ ಬಿಚ್ಚಿದಳು. ಅತ್ತಿ ಎಚ್ಚರಿದ್ದಾಗ ರೊಟ್ಟಿ ಎಣಿಸಿ ಕೊಡ್ತಿದ್ದಳಂತ. ಮಧ್ಯಾಹ್ನ ಆಕಿ ಕಣ್ಣು ಮುಚ್ಚಿದಾಗ ಈಕಿ ಅಡಗಿ ಮನಿಗಿ ಹೋಗಿ, ಬೆಲ್ಲ ತುಪ್ಪ ಹಚ್ಚಿಕೊಂಡು, ಬಾಗಿಲ ಹಿಂದ ನಿಂತು ತಿಂತಿದ್ದಳಂತ. “ಬುಡ್ಡಿಗಿ ಇವತ್ತಿನ ತನಕ ಗೊತ್ತಿಲ್ಲ!”

ಆ ಬುಡ್ಡಿ ಅಲ್ಲೇ ಎದುರು ಅವರ ಬಾಗಿಲದಾಗ ಹೊರಸಿನ ಮ್ಯಾಲ ಮಲಗಿತ್ತು, ಹಣ್ಣ ಹಣ್ಣ ಮುದುಕಿ. ಕಣ್ಣು ತಗೀದ ಅಂತು:

“ಗೊತ್ತಿರಲಿಲ್ಲೇನು? ಬೆಲ್ಲದ ಡಬ್ಬಿ ಕೆಳಗಿನ ಫಳಿ ಮ್ಯಾಲ ಇಡ್ತಿದ್ದಾಕಿ ಯಾರು? ನನಗ ಒಂದು ದಿನಾನೂ ಮಧ್ಯಾಹ್ನ ನಿದ್ದಿ ಬಂದಿಲ್ಲ. ನೀ ತಿಂದು ಮುಗಿಸೂ ತನಕ ಕಣ್ಣು ಮುಚ್ಚಿ ಮುಚ್ಚಿ ನನ್ನ ಸೊಂಟ ಹೋಯ್ತು.”

ಖಾಲಾ ಬಾಯಿ ಮ್ಯಾಲ ಸೆರಗು ಹಿಡದಳು. ನಗ್ತಾಳೋ ಅಳ್ತಾಳೋ ತಿಳೀಲಿಲ್ಲ. ಬುಡ್ಡಿ ಮಾಸ್ತರರ ಕಡಿ ಹೊಳ್ಳಿ, “ಬರಕೋ ಬೇಟಾ. ಆದರ ಸೊಂಟದ್ದು ಮೊದಲ ಬರಿ” ಅಂತು.

ಹೊಸ್ತಿಲದ ಒಡಪು

ಕತಿ ಎಲ್ಲಾ ಕೂಡಿ ಒಂದು ಪುಸ್ತಕ ಆಗೂದಿತ್ತು. ಪುಸ್ತಕಕ್ಕ ಹೆಸರು ಕೇಳಲಾಕ ಮಾಸ್ತರರು ಈ ಸಲ ನನ್ನ ಕಟ್ಟಿಗಿ ಬರಲಿಲ್ಲ. ನಾನ ಕೇಳಿದರ, “ಸಿಕ್ಕದ ಅಕ್ಕಾ” ಅಂತ ಸಣ್ಣಗ ನಕ್ಕರು. ಆ ನಗು ನೋಡೇ ನನಗ ಸಂಶಯ ಬಂದಿತ್ತು.

ಔರಾದದಾಗ ಪುಸ್ತಕ ಬಿಡುಗಡಿ. ನಾವು ಗಲ್ಲಿಯವರು, ಮೂಲಿ ಮನಿ ಸೊಸಿ ಸೈತ, ಒಂದು ಗಾಡಿ ಮಾಡ್ಕೊಂಡು ಹೋದಿವಿ. ಎಕಂಬಾದಿಂದ ಮಾಸ್ತರರ ಕಡಿ ಹೆಂಗಸ್ರು ಬಂದಿದ್ದರು. ಹೆಂಡತಿ ರೇಶ್ಮಿ ಸೀರಿ ಉಟ್ಟು ಮುಂದಿನ ಸಾಲಿನ್ಯಾಗ ಕೂತು, ಊಟದ ವ್ಯವಸ್ಥಾ ಎಲ್ಲದ ಅಂತ ಹೊಳ್ಳಿ ಹೊಳ್ಳಿ ನೋಡ್ಲಾಕತ್ತಿದ್ದಳು. ಪುಸ್ತಕದ ಮ್ಯಾಲಿನ ಕಾಗದ ಬಿಚ್ಚಿದರು, ಹೆಸರು ಗಟ್ಟಿಯಾಗಿ ಓದಿದರು: ‘ಮಲ್ಲಿಗಿ ಬೇಡಿದೆ, ಹುಣಸಿ ಸಿಕ್ಕಿತು’.

ಹಿಂದಿನಿಂದ ಮಾಸ್ತರರ ತಂಗಿ ಎದ್ದು ನಿಂತಳು. “ಅಯ್ಯಯ್ಯ! ಇದು ನಮ್ಮ ವೈನಿ ಒಡಪು!”

ನಮ್ಮ ಕಡಿ ಹೊಸಾ ಸೊಸಿ ಬಂದರ ಹೊಸ್ತಿಲದಾಗ ಹೆಂಗಸ್ರು ಅಡ್ಡ ನಿಲ್ತಾರ. ಗಂಡನ ಹೆಸರು ಒಡಪಿನಾಗ ಕೂಡಿಸಿ ಹೇಳಿದರ ಒಳಗ ಬಿಡ್ತಾರ. ಎಲ್ಲಾರೂ ಬೆಳ್ಳಿ ಬಟ್ಟಲು, ಬಂಗಾರದ ಬಳಿ ಅಂತ ಹೇಳ್ತಾರ. ಮಾಸ್ತರರ ಹೆಂಡತಿ ಮಾತ್ರ ಗಂಡನ ಮಾರಿ ಒಮ್ಮಿ ನೋಡಿ, ಮಲ್ಲಿಗಿ ಬೇಡಿದೆ ಹುಣಸಿ ಸಿಕ್ಕಿತು ಅಂತ ಹೇಳಿ, ಹೆಸರು ಕೂಡಿಸಿ, ಒಳಗ ಹೋಗಿದ್ದಳಂತ. ಎಕಂಬಾದವರು ಹೊಟ್ಟಿ ಹಿಡಕೊಂಡು ನಕ್ಕಿದ್ದರಂತ. ಮಾಸ್ತರರು ಇಷ್ಟು ವರ್ಷ ಆ ಸಾಲು ಎದಿಯೊಳಗ ಇಟ್ಟುಕೊಂಡಿದ್ದರು.

ಹೆಂಡತಿ ಮಾರಿ ಕೆಂಪಗ ಆಯ್ತು. ಸಾಲಿನ ಒಡತಿ ಯಾರಂತ ಈಗ ಎಲ್ಲಾರಿಗೂ ಗೊತ್ತಾಯ್ತಲ್ಲ. ಮೂಲಿ ಮನಿ ಸೊಸಿ ನನ್ನ ಮೊಣಕೈಗಿ ತಿವಿದು, “ಇನ್ನ ಮಾಸ್ತರರ ಮನಿ ಒಳಗಿಂದು ಪೂರಾ ಹೊರಗ ಬಿತ್ತು” ಅಂದಳು. ಆಕಿಗಿ ಹೋಳಿಗಿ ಉಂಡಷ್ಟು ಸಂತೋಷ. ನನಗೇನು ಕಡಿಮಿ ಇತ್ತು ಅನ್ನಂಗಿಲ್ಲ.

ಬೀದರಕ್ಕ ಬರೂ ತನಕ ಹೆಂಡತಿ ಕಿಡಕಿ ಕಡಿ ಮಾರಿ ಮಾಡಿ ಕೂತಳು. ಮನಿಗಿ ಬಂದಾಕೀನ ಒಂದು ಪುಸ್ತಕ ತಗೊಂಡು, ಚಸ್ಮಾ ಹಾಕ್ಕೊಂಡು, ಒಳಗಿಂದ ಬಾಗಿಲು ಹಾಕ್ಕೊಂಡಳು. “ನನ್ನ ಸುದ್ದಿ ಏನೇನು ಬರದೀರೋ ನೋಡೇ ಬಿಡ್ತೇನಿ!”

ಮರುದಿನ ಆ ಮನ್ಯಾಗ ಕುಕ್ಕರ್ ಸೀಟಿ ಹೊಡೀಲಿಲ್ಲ. ಮಾಸ್ತರರು ನನ್ನ ಕಟ್ಟಿ ಮ್ಯಾಲ ಪರೀಕ್ಷಾಕ್ಕ ಕೂತ ಹುಡುಗರಂಗ ಕೂತಿದ್ದರು. ಖಾಲಾ ಖಿಚಡಿ ತಂದು ಕೊಟ್ಟರ ಬಾಜೂ ಸರಿಸಿದರು. “ಅಕ್ಕಾ, ಈಗ ಆಕಿ ಯಾವ ಪುಟದಾಗ ಇರಬಹುದ್ರಿ?” ಅಂತ ನನ್ನ ಕೇಳ್ತಾರ.

ಸಂಜಿಮುಂದ ಬಾಗಿಲು ತಗೀತು. ಗಲ್ಲಿ ಮಂದಿ ಕಸ ಹೊಡಿಯೂದು ಬಿಟ್ಟು ನಿಂತರು.

“ಎಲ್ಲಾ ಓದಿದೆ” ಅಂದಳು. “ಬೆಕ್ಕದ. ಎಮ್ಮಿ ಅದ. ಬಸ್ ಕಂಡಕ್ಟರ್ ಅದಾನ. ಆ ಬುಡ್ಡಿ ಸೊಂಟ ಅದ. ಮೆಹಕರದ ತೊಗರಿ ಅದ. ನಾ ಎಲ್ಲಿ ಅದೇನ್ರಿ?”

“ನಿನ್ನ ಬರದರ ನೀ ಸಿಟ್ಟಿಗೇಳ್ತಿ ಅಂತ…”

“ಪುಟಕ್ಕೊಮ್ಮಿ ಯಾರರೆ ಚಾ ಕುಡೀತಾರ. ಕುಂತರ ಚಾ, ನಿಂತರ ಚಾ. ಆ ಚಾ ಮಾಡಿದಾಕಿ ಒಬ್ಬಾಕಿನೂ ಇಲ್ಲ! ಏನು, ಚಾ ಬೀದರ ಕ್ವಾಟಿ ಮ್ಯಾಲಿಂದ ಹರಕೊಂಡು ಬರ್ತದೇನು?”

ಮಾಸ್ತರರು ಚಂಗನ ಎದ್ದರು. ಕಣ್ಣಾಗ ನೀರು, ಬಾಯ್ತುಂಬ ನಗು. “ಅಕ್ಕಾ! ಓದ್ಯಾಳ್ರಿ! ಪೂರಾ ಓದ್ಯಾಳ! ಚಾ ಸೈತ ಬಿಟ್ಟಿಲ್ಲ!”

“ಕುಣಿಯೂದು ಸಾಕು. ಒಳಗ ನಡೀರಿ. ಮೊದಲು ಒಮ್ಮಿ ಚಾ ಮಾಡ್ರಿ, ಆಮ್ಯಾಲ ಕತಿ ಬರಿರಂತ.”

ಮಾಸ್ತರರು ಓಡ್ಕೊಂತ ಒಳಗ ಹೋದರು. ಆಕಿ ನನ್ನ ಬಾಜೂ ಕಟ್ಟಿ ಮ್ಯಾಲ ಕೂತು ಹೊಳ್ಳಿ ಪುಸ್ತಕ ತಗದಳು. ಜರಾ ಹೊತ್ತಿಗಿ ಒಳಗಿಂದ ದನಿ ಬಂತು.

“ಏ, ಚಾಪುಡಿ ಡಬ್ಬಿ ಎಲ್ಲದ?”

ಆಕಿ ಪುಸ್ತಕದಿಂದ ಕಣ್ಣು ಎತ್ತದ ಅಂದಳು, “ಹುಡುಕ್ರಿ! ನಾನೂ ನಿಮ್ಮ ಪುಸ್ತಕದಾಗ ಹಂಗ ನನ್ನನ್ನ ಹುಡುಕೀನಿ.”