ಬೇಕನ್ನೂ ಮಾವನವರ ಬಾಯಾರಿಕೆಯೂ

ಅಡುಗೆ ಬಾರದವರು ಅಡುಗೆಯ ಬಗ್ಗೆ ಬಾಯಿ ತೆರೆಯಬಾರದು ಎಂದು ಸರಕಾರ ಒಂದು ಕಾಯ್ದೆ ತಂದರೆ ಮೊದಲು ಒಳಗೆ ಹೋಗುವವನು ನಾನು. ನನಗೆ ಚಹಾ ಕಾಸಲು ಬರುತ್ತದೆ, ಅದೂ ಉಕ್ಕುವ ಮೊದಲು ಯಾರಾದರೂ ಕೂಗಿ ಹೇಳಿದರೆ. ಆದರೆ ಇನ್ನೊಬ್ಬರು ಮಾಡಿದ್ದರಲ್ಲಿ ಹುಳಿ ಕಡಿಮೆ, ಖಾರ ಜಾಸ್ತಿ ಎನ್ನಲು ನನ್ನ ನಾಲಿಗೆ ಸದಾ ತಯಾರು. ಈ ನಾಲಿಗೆಯೇ ನನ್ನನ್ನು ಹಿರೇಬೆಂಡಿಗೇರಿಯ ನನ್ನ ಮಾವನವರ ಕೈಗೆ ಸಿಕ್ಕಿಸಿತು. ಹಂದಿ ಮಾಂಸದ ಅಡುಗೆಯಲ್ಲಿ ಅವರು ಬೀಗರು ಬಿಜ್ಜರಲ್ಲೆಲ್ಲ ಹೆಸರಾದವರು. ಮನೆಯಲ್ಲಿ ಏನಾದರೂ ಕಾರ್ಯವಿದ್ದರೆ ಬೆಳಿಗ್ಗೆ ಬುದ್ಧವಂದನೆ ಮುಗಿಸಿ, ಧೋತರ ಎತ್ತಿ ಕಟ್ಟಿ ಒಲೆಯ ಮುಂದೆ ಕುಳಿತುಬಿಡುತ್ತಾರೆ. ಆಮೇಲೆ ಆ ಕಡೆ ಯಾರೂ ಸುಳಿಯುವಂತಿಲ್ಲ. ಕಳೆದ ಸಲ ಅವರ ಕೈಯಡುಗೆಯನ್ನು ಮೂರನೆಯ ಬಾರಿ ಹಾಕಿಸಿಕೊಂಡು ಉಣ್ಣುತ್ತ, "ನೆಣ ಸ್ವಲ್ಪ ಜಾಸ್ತಿ ಆತೇನೋ" ಎಂದುಬಿಟ್ಟೆ. ಪಂಕ್ತಿಯವರೆಲ್ಲ ಎತ್ತಿದ ತುತ್ತು ಹಾಗೇ ಹಿಡಿದು ನನ್ನತ್ತ ನೋಡಿದರು. ಮಾವನವರು ಸಿಟ್ಟಾಗಲಿಲ್ಲ. "ನೆಣ ಇಲ್ಲದ ಹಂದಿ, ಹೂರಣ ಇಲ್ಲದ ಹೋಳಿಗಿ ಎರಡೂ ಒಂದ ಅಳಿಯಾರ. ಇರ್ಲಿ, ನಿಮಗ ತಿಳಿದಂಗ ಒಮ್ಮೆ ನೀವ ಮಾಡಿ ನಮಗ ಉಣ್ಣಾಕ ಹಾಕ್ರಿ" ಎಂದರು.

ಈ "ಇರ್ಲಿ" ಎಂಬ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ಮದುವೆಯಾದಾಗಿನಿಂದ ಮಾವನವರು ನನ್ನ ಪಾಲಿಗೆ ಇಟ್ಟಿರುವ ಸರ್ಟಿಫಿಕೇಟು ಅದೊಂದೇ. ಹೆಣ್ಣು ನೋಡಲು ಹೋದಾಗ ನನ್ನನ್ನು ಮೇಲಿನಿಂದ ಕೆಳಗೆ ನೋಡಿ "ಇರ್ಲಿ" ಎಂದಿದ್ದರು. ಹಾನಗಲ್ಲಿನಲ್ಲಿ ಮನೆ ಕಟ್ಟಿಸಿದೆ. ಬಾಗಿಲು ಗಿಡ್ಡಾತು, ಇರ್ಲಿ. ಹೊಸ ಬೈಕು ಕೊಂಡೆ. ಸೀಟು ಎತ್ತರಾತು, ಇರ್ಲಿ. ಅವರ ಬಾಯಿಂದ ಒಂದೇ ಒಂದು ಸಲ "ಚಲೋ ಐತಿ" ಎನ್ನಿಸಿಕೊಳ್ಳಬೇಕೆಂಬ ಆಸೆ ನನ್ನನ್ನು ಈ ವಯಸ್ಸಿನಲ್ಲೂ ಬಿಟ್ಟಿಲ್ಲ. ನಾಚಿಕೆಗೇಡು, ಆದರೂ ಇದೆ. ಹಾಗಾಗಿ ಸವಾಲನ್ನು ಒಪ್ಪಿಕೊಂಡೆ. ಆದರೆ ಹಂದಿಯ ಸಾರು ಮಾಡಿ ಅವರನ್ನು ಗೆಲ್ಲುವುದು ಸಾಧ್ಯವಿಲ್ಲ. ಅವರಿಗೆ ಗೊತ್ತೇ ಇಲ್ಲದ್ದನ್ನು ಮಾಡಬೇಕು. ಆಗ ನೆನಪಾದದ್ದು ಬೇಕನ್. ಬೀಜದ ಕಂಪನಿಯಲ್ಲಿ ನನ್ನ ಕೆಲಸ. ಒಮ್ಮೆ ಹುಬ್ಬಳ್ಳಿಯ ದೊಡ್ಡ ಹೋಟೆಲಿನಲ್ಲಿ ಮೀಟಿಂಗಿಗೆಂದು ಉಳಿದಾಗ ನಾಷ್ಟಾಕ್ಕೆ ಕೊಟ್ಟಿದ್ದರು. ಹಂದಿಯ ಮಾಂಸವನ್ನು ಉಪ್ಪಿನಲ್ಲಿ ನೆನೆಸಿ, ಹೊಗೆ ಕೊಟ್ಟು, ತೆಳ್ಳಗೆ ಪಟ್ಟಿ ಪಟ್ಟಿಯಾಗಿ ಕೊಯ್ದದ್ದು. ಹುರಿದರೆ ಹಪ್ಪಳದಂತೆ ಕಟುಂ ಎನ್ನುತ್ತದೆ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕು ನನ್ನ ತಿರುಗಾಟದವೇ. ಎಲ್ಲಾದರೂ ಸಿಕ್ಕೀತೆಂದು ಹುಡುಕಿದೆ. ಆದರೆ ನಮ್ಮ ಕಡೆ ಆ ಹೆಸರೇ ಒಂದು ಪೀಡೆ. ಶಿಗ್ಗಾಂವಿಯಲ್ಲಿ ಗಾಜಿನ ಫ್ರೀಜರ್ ಇಟ್ಟ ಒಂದು ಅಂಗಡಿಗೆ ಹೋಗಿ "ಬೇಕನ್ ಐತೇನ್ರಿ?" ಎಂದೆ. ಅಂಗಡಿಯಾತ ನಕ್ಕು, "ಬೇಕನ್ನೂ ಗಿರಾಕಿ ನೀವ ಅಲ್ಲೇನ್ರಿ, ಏನ ಬೇಕು ಅದನ್ನ ಹೇಳ್ರಿ" ಎಂದ. "ಬೇಕನ್ ಬೇಕ್ರಿ" ಎಂದೆ. ಅವನ ನಗು ಹೋಯಿತು. ಹಿರೇಕೆರೂರಿನಲ್ಲಿ ಕೇಳಿದ್ದಕ್ಕೆ, "ಬೇಕರಿ ಬಸ್ ಸ್ಟ್ಯಾಂಡ್ ಬಾಜೂಕ ಐತಿ ನೋಡ್ರಿ" ಎಂದು ಕೈ ತೋರಿಸಿದರು.

ಕೊನೆಗೆ ಹುಬ್ಬಳ್ಳಿಗೇ ಹೋಗಬೇಕಾಯಿತು. ಅಲ್ಲಿಯ ದೊಡ್ಡ ಅಂಗಡಿಯಲ್ಲಿ ಒಂದು ಬೇಕನ್ ಕೇಳಿದರೆ ಆರು ತರಹದವು ಎದುರು ನಿಂತವು. ಹೊಗೆ ಹಾಕಿದ್ದು, ಹಾಕದ್ದು, ಹೊಟ್ಟೆಯದು, ಬೆನ್ನಿನದು. ಕೋಳಿಯದೂ ಇತ್ತು, ಕೋಳಿಗೇಕೆ ಈ ಉಸಾಬರಿ ಎಂದು ನನಗೆ ಇನ್ನೂ ತಿಳಿದಿಲ್ಲ. ಒಂದೊಂದು ಪಾಕೀಟನ್ನೂ ಬೆಳಕಿಗೆ ಹಿಡಿದು, ಇಳಕಲ್ ಸೀರೆಯ ಅಂಚು ನೋಡುವವರಂತೆ ಕೆಂಪೆಷ್ಟು ಬಿಳಿಯೆಷ್ಟು ಎಂದು ನೋಡುತ್ತ ನಿಂತೆ. ನಿಂತಲ್ಲೇ ಅವ್ವ ನೆನಪಾದಳು. ಮನೆಯಲ್ಲಿ ಹಂದಿ ಬೆಂದ ಮರುದಿನ ಶಾಲೆಯಲ್ಲಿ ಯಾರಾದರೂ ಏನು ಉಂಡಿ ಎಂದು ಕೇಳಿದರೆ ಬದನೆಕಾಯಿ ಎನ್ನು ಎಂದು ಹೇಳಿಕೊಟ್ಟು ಕಳಿಸುತ್ತಿದ್ದಳು. ನನ್ನಷ್ಟು ಬದನೆಕಾಯಿಯನ್ನು ನಮ್ಮ ಶಾಲೆಯಲ್ಲಿ ಯಾರೂ ಉಂಡಿರಲಿಕ್ಕಿಲ್ಲ. ಈಗ ಅದೇ ಹಂದಿ ಇಂಗ್ಲಿಷ್ ಹೆಸರಿಟ್ಟುಕೊಂಡು ತಣ್ಣನೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದೆ, ಜನ ಕಾರಿನಲ್ಲಿ ಬಂದು ಒಯ್ಯುತ್ತಾರೆ. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಬಿಳಿ ಕಡಿಮೆ ಇರುವ ಎರಡು ಪಾಕೀಟು ಆರಿಸಿಕೊಂಡೆ. ಬೆಲೆ ಮಾತ್ರ ಇಲ್ಲಿ ಬರೆಯುವುದಿಲ್ಲ, ನನ್ನ ಹೆಂಡತಿ ಸುಜಾತಾ ಇದನ್ನು ಓದುವವಳು.

ಮಾವನವರಿಗೆ ಫೋನು ಮಾಡಿ, "ಭಾನುವಾರ ಊಟಕ್ಕ ಬರ್ರಿ ಮಾವಾರ, ಬೇಕನ್ ಮಾಡ್ತೇನಿ" ಎಂದೆ. "ಬರ್ತೇನಿ. ಬೇಕನ್ನೂದಕ್ಕೇನು, ನೀವು ಹಾಕಿದ್ರ ಬೇಕಂತೇನಿ. ಆದ್ರ ಏನ ಮಾಡ್ತೀರಿ ಅದನ್ನ ಹೇಳ್ರಿ" ಎಂದರು. ಎರಡು ಸಲ ಬಿಡಿಸಿ ಹೇಳಿದೆ. "ಇರ್ಲಿ" ಎಂದು ಫೋನಿಟ್ಟರು.

ಭಾನುವಾರ ಬೆಳಿಗ್ಗೆ ಸುಜಾತಾಳಿಗೆ, "ಫ್ರಿಜ್ಜಿನೊಳಗಿನ ಪಾಕೀಟು ಮುಟ್ಟಬ್ಯಾಡ, ಇವತ್ತು ಅಡುಗಿ ನಂದು" ಎಂದು ಹೇಳಿ ಕುಡಿಯುವ ನೀರು ತರಲು ಹೋದೆ. ಓಣಿಯ ತುದಿಯ ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿಸಿ ತರುವುದು ನಮ್ಮ ಮನೆಯಲ್ಲಿ ನನಗೆ ವಹಿಸಿದ ಏಕಮಾತ್ರ ಜವಾಬ್ದಾರಿ. ಅವತ್ತು ಕರೆಂಟು ಹೋಗಿ ತಡವಾಯಿತು. ಮನೆಗೆ ಬಂದು ನೋಡಿದರೆ ನನ್ನ ಬೇಕನ್ ಅರಿಶಿನ ಬಳಿದುಕೊಂಡು, ಮದುಮಗನಂತೆ ಬುಟ್ಟಿಯಲ್ಲಿ ಕುಳಿತಿತ್ತು. "ಏನ ಮಾಡಿದಿ ಇದು?" ಎಂದೆ. "ಪಾಕೀಟು ಒಡದೆ, ಸೀದ ವಾಸನಿ ಗಪ್ ಅಂತ ಬಂತು. ಅಂಗಡ್ಯಾವ ಕೆಟ್ಟದ್ದು ಕೊಟ್ಟಾನ ನಿಮಗ. ಮೂರು ನೀರಾಗ ತೊಳದು, ಅರಿಶಿಣ ಹಚ್ಚಿದ ಮ್ಯಾಲ ವಾಸನಿ ಹೋತು ನೋಡ್ರಿ" ಎಂದಳು. ಯಾವ ಹೊಗೆಗಾಗಿ ನಾನು ಅಷ್ಟು ದುಡ್ಡು ಸುರಿದಿದ್ದೆನೋ ಅದು ಬಚ್ಚಲಲ್ಲಿ ಹರಿದುಹೋಗಿತ್ತು. "ತೊಳೀಲಾರದ ಮಾಂಸ ನಮ್ಮ ಮನ್ಯಾಗ ಒಲಿ ಏರೂದಿಲ್ರಿ" ಎಂದು ಅವಳೇ ನನ್ನ ಮೇಲೆ ಹರಿಹಾಯ್ದಳು.

ತಲೆ ಚಚ್ಚಿಕೊಂಡು ಒಲೆ ಹೊತ್ತಿಸಿದೆ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿಟ್ಟಿದ್ದೆ. ಯಾವ ದೇಶದವಳೋ ಏನೋ, ಭಾಷೆ ತಿಳಿಯಲಿಲ್ಲ, ಕೈ ನೋಡಿ ಕಲಿತದ್ದು. ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ಹಾಗೇ ಬಾಣಲೆಗೆ ಹಾಕಬೇಕು. "ಎಣ್ಣಿ ಇಲ್ಲದ ಹುರೀತಾರೇನ್ರಿ ಯಾರಾದ್ರೂ?" ಎಂದು ಸುಜಾತಾ ಬಂದು ಧಾರಾಳವಾಗಿ ಸುರಿದೇ ಬಿಟ್ಟಳು. ಒದ್ದೆ ಬೇಕನ್ ಎಣ್ಣೆಗೆ ಬಿದ್ದದ್ದೇ ತಡ, ಅಡುಗೆಮನೆಯಲ್ಲಿ ಪಟಾಕಿ ಸುರುವಾಯಿತು. ಪಾತ್ರೆಯ ಮುಚ್ಚಳವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ತಿರುವಿ ಹಾಕಿದೆ. ಗೇಣುದ್ದದ ಪಟ್ಟಿಗಳು ಮುದುಡಿ ಮುದುಡಿ ಸಂಡಿಗೆಯಷ್ಟಾದವು. ಆ ಹೆಂಗಸು ವಿಡಿಯೋದಲ್ಲಿ ಉಪ್ಪು ಹಾಕಿದ್ದು ಕಂಡಿರಲಿಲ್ಲ. ಭಾಷೆ ತಿಳಿಯದ್ದರಿಂದ ಉಪ್ಪಿನ ಮಾತು ತಪ್ಪಿಹೋಗಿರಬೇಕು, ಕಂಪನಿಯ ಉಪ್ಪೂ ಮೂರು ನೀರಿನಲ್ಲಿ ಹೋಗಿರಬೇಕೆಂದು ನಾನೇ ಉದುರಿಸಿದೆ. ಉಪ್ಪಿಗಿಂತ ರುಚಿಯಿಲ್ಲ ಎಂದು ಗಾದೆಯೇ ಇದೆಯಲ್ಲ.

ಮಾವನವರು ಬಂದು, ಕೈಕಾಲು ತೊಳೆದು ಊಟಕ್ಕೆ ಕುಳಿತರು. ಜೋಳದ ರೊಟ್ಟಿಯ ಮೇಲೆ ಎರಡು ತುಂಡು ಬೇಕನ್ ಇಟ್ಟು, ನಾನು ಎದುರಿಗೆ ಕುಳಿತೆ. ಒಂದು ತುಣುಕು ಬಾಯಿಗೆ ಹಾಕಿಕೊಂಡರು. ಅಗಿದರು. ಅವರ ಮೀಸೆ ಒಮ್ಮೆ ನಿಂತು ಮತ್ತೆ ನಡೆಯಿತು. ತಂಬಿಗೆ ಎತ್ತಿ ಗಟಗಟ ನೀರು ಕುಡಿದರು. ನಾನೂ ಒಂದು ತುಂಡು ತಿಂದು ನೋಡಿದೆ, ಉಪ್ಪಿನಕಾಯಿ ಇದಕ್ಕಿಂತ ಸಪ್ಪಗಿರುತ್ತದೆ. ಸುಜಾತಾ ಹಿಂದಿನಿಂದ ಬಗ್ಗಿ, "ನೀವೂ ಉಪ್ಪು ಹಾಕಿದ್ರೇನು?" ಎಂದು ಪಿಸುಗುಟ್ಟಿದಳು. "ನೀವೂ ಅಂದ್ರ?" ಎಂದೆ. "ಅರಿಶಿಣದ ಜೋಡಿ ಉಪ್ಪೂ ತಿಕ್ಕಿದ್ದೆನಲ್ರಿ, ಉಪ್ಪು ಬಿಟ್ಟು ಬರೇ ಅರಿಶಿಣ ಯಾರು ಹಚ್ಚತಾರ?" ಎಂದಳು. ಅಂದರೆ ಕಂಪನಿಯವರು ಒಮ್ಮೆ, ಅವಳು ಒಮ್ಮೆ, ನಾನು ಒಮ್ಮೆ. ಮಾವನವರು ಎರಡೂ ತುಂಡನ್ನು ಬಿಡದೆ ತಿಂದರು. ಅಳಿಯ ಮಾಡಿದ ಅಡುಗೆ ಎಲೆಯಲ್ಲಿ ಬಿಡುವ ಜಾತಿಯವರಲ್ಲ ಅವರು. ಪ್ರತಿ ತುತ್ತಿಗೂ ತಂಬಿಗೆ ಎತ್ತಿದರು. ಸುಜಾತಾ "ಇನ್ನೊಂದೀಟು ಬೇಕನ್ ಹಾಕ್ಲ್ಯಾ ಅಪ್ಪಾ?" ಎಂದದ್ದಕ್ಕೆ, "ಬೇಕನ್ನೂದು ಮುಗೀತವ್ವ. ಈಗ ಬ್ಯಾಡನ್ನೂದು ಒಂದ ಉಳದೈತಿ" ಎಂದರು.

ಸಂಜೆ ಅವರನ್ನು ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ನನ್ನ ಆಸೆಯನ್ನು ನಾನೇ ಮೂರು ಉಪ್ಪಿನಲ್ಲಿ ಹೂತಿಟ್ಟು ಬಂದಿದ್ದೆ. ಬಸ್ಸು ಹತ್ತುವ ಮುಂಚೆ ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಅಳಿಯಾರ, ಒಂದು ಮಾತು. ಭಾಳ ಚಲೋ ಅದಾವ್ರಿ" ಎಂದರು. "ಏನ್ರಿ ಮಾವಾರ?" ಎಂದೆ. "ನೀರು. ನಿಮ್ಮನಿ ನೀರು ಭಾಳ ಚಲೋ ಅದಾವು" ಎಂದು ಹೇಳಿ ಬಸ್ಸು ಹತ್ತಿದರು. ಅವರ ಮುಖದಲ್ಲಿ ಕುಚೋದ್ಯ ಹುಡುಕಿದೆ, ಕಾಣಲಿಲ್ಲ. ಬಾಯಾರಿದ ಮನುಷ್ಯ ಮನಸ್ಸಿನಿಂದ ಹೇಳಿದ ಮಾತೇ ಇರಬೇಕು.

ಮನೆಗೆ ಬಂದರೆ ಕ್ಯಾನು ಖಾಲಿ. ಎತ್ತಿಕೊಂಡು ಮತ್ತೆ ನೀರಿನ ಘಟಕಕ್ಕೆ ನಡೆದೆ. ಪಾಳಿಯಲ್ಲಿ ನನ್ನ ಮುಂದೆ ನಿಂತಿದ್ದ ನೆರೆಮನೆಯವರು ತಿರುಗಿ, "ಮುಂಜಾನೆ ಒಯ್ದಿದ್ರಲ್ಲ ಸರ, ಮತ್ತ ಬಂದ್ರಿ?" ಎಂದು ಕೇಳಿದರು.

"ಮಾವಾರು ಬಂದಿದ್ರು" ಎಂದೆ. "ನಾ ತಂದ ನೀರು ಅಂದ್ರ ಅವರಿಗೆ ಜೀವ."